ವಿಂಡೋಸ್ ಇರಲಾ, ಲಿನಕ್ಸ್ ಹಾಕಲಾ? ಮೊದಲು ಕೀಲಿಕೈ ಯಾರ ಹತ್ತಿರ ಇದೆ ನೋಡಿ

ಪ್ರಶ್ನೆ: ಸರ್, ಗಂಗಾವತಿಯಲ್ಲಿ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಇದೆ. ಎರಡು ಕಂಪ್ಯೂಟರ್, ಎರಡೂ ಹಳೆಯವು, ವಿಂಡೋಸ್ 10. ಒಂದರಲ್ಲಿ ಅರ್ಜಿ, ಪಹಣಿ ಪ್ರಿಂಟು, ಕನ್ನಡ ಟೈಪಿಂಗ್. ಇನ್ನೊಂದರಲ್ಲಿ ಅಕ್ಕಿ ವ್ಯಾಪಾರಿಗಳ ಟ್ಯಾಲಿ ಲೆಕ್ಕ. ಕಂಪ್ಯೂಟರ್ ಅಂಗಡಿಯವರು "ವಿಂಡೋಸ್ 10 ಮುಗೀತು, ಹೊಸದು ತಗೊಳ್ಳಿ" ಎನ್ನುತ್ತಾರೆ. ಅಕ್ಕನ ಮಗ "ಲಿನಕ್ಸ್ ಹಾಕು ಮಾಮಾ, ವಿಂಡೋಸ್ ನೀನು ಮಾಡೋದೆಲ್ಲ ಕಂಪನಿಗೆ ಕಳಿಸುತ್ತೆ" ಎನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧ ನಿಜ ಇದೆ. (ಲಿನಕ್ಸ್ ಅಂದರೆ ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ.) ಆದರೆ ಅದಕ್ಕೂ ಮೊದಲು ನಿಮ್ಮ ಡೌನ್‌ಲೋಡ್ಸ್ ಫೋಲ್ಡರ್ ಒಮ್ಮೆ ತೆಗೆದು ನೋಡಿ. ಆಧಾರ್, ರೇಷನ್ ಕಾರ್ಡ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಹೀಗೆ ಸುತ್ತಲಿನ ಹಳ್ಳಿಗಳ ಎಷ್ಟೋ ಜನರ ಕಾಗದಪತ್ರ ಅಲ್ಲಿ ಬಿದ್ದಿರುತ್ತವೆ. ಅವರು ಕಂಪನಿಯನ್ನು ನಂಬಿ ಕೊಟ್ಟದ್ದಲ್ಲ, ನಿಮ್ಮನ್ನು ನಂಬಿ ಕೊಟ್ಟದ್ದು. ಹಾಗಾಗಿ ಆ ಕಂಪ್ಯೂಟರಿನಲ್ಲಿ ಯಾರ ಮಾತು ನಡೆಯುತ್ತದೆ ಅನ್ನೋದು ನಿಮಗೆ ಬಹಳ ಮುಖ್ಯ.

ಒಂದು ಮಾತು ನೇರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ವಿಂಡೋಸ್ ದುಡ್ಡು ಕೊಟ್ಟು ತಗೊಂಡದ್ದಾ, ಯಾರೋ ಪೆನ್‌ಡ್ರೈವಿನಿಂದ ಹಾಕಿಕೊಟ್ಟದ್ದಾ? ನಮ್ಮ ಕಡೆ ಎರಡನೆಯದೇ ಜಾಸ್ತಿ. ಅಂಥ ಕಳ್ಳ ಕಾಪಿಯನ್ನು ಆಕ್ಟಿವೇಟ್ ಮಾಡುವ ಸಣ್ಣ ಪ್ರೋಗ್ರಾಂ ಎಷ್ಟೋ ಸಲ ಮೊದಲು ಆಂಟಿವೈರಸ್ ಬಂದ್ ಮಾಡು ಎನ್ನುತ್ತದೆ. ಅದರೊಳಗೆ ಏನಿದೆ ಎಂಬುದು ಹಾಕಿಕೊಟ್ಟವರಿಗೂ ಗೊತ್ತಿರುವುದಿಲ್ಲ. ನಿಮ್ಮದು ಅಂಥದ್ದಾದರೆ ಮೈಕ್ರೋಸಾಫ್ಟ್ ಏನು ನೋಡುತ್ತದೆ ಅನ್ನೋ ಚಿಂತೆ ಆಮೇಲೆ. ಮೊದಲು ಅದನ್ನು ಅಳಿಸಬೇಕು.

ಈಗ ಅಕ್ಕನ ಮಗನ ಮಾತಿಗೆ ಬರೋಣ. "ಎಲ್ಲಾ ಕಳಿಸುತ್ತೆ" ಅನ್ನೋದು ಸರಿಯಲ್ಲ. ವಿಂಡೋಸ್ ಕಳಿಸುವ ಡಯಾಗ್ನೋಸ್ಟಿಕ್ ಮಾಹಿತಿಯಲ್ಲಿ ಎರಡು ಹಂತ ಇವೆ. ಯಂತ್ರ ಯಾವುದು, ಅಪ್‌ಡೇಟ್ ಸರಿಯಾಗಿ ಕೂತಿತಾ ಎನ್ನುವಂಥದ್ದು ಕಡ್ಡಾಯದ ಹಂತ. ಯಾವ ಆ್ಯಪ್ ಹೇಗೆ ಬಳಸುತ್ತೀರಿ, ಯಾವ ವೆಬ್‌ಸೈಟ್ ನೋಡುತ್ತೀರಿ ಎನ್ನುವುದೆಲ್ಲ ಐಚ್ಛಿಕ ಹಂತ. ಐಚ್ಛಿಕವನ್ನು ಸೆಟ್ಟಿಂಗ್ಸ್‌ನ ಪ್ರೈವಸಿಯಲ್ಲಿ ಬಂದ್ ಮಾಡಬಹುದು, ಅಲ್ಲೇ ಜಾಹೀರಾತಿಗಾಗಿ ನಿಮ್ಮನ್ನು ಗುರುತಿಸುವ ಅಡ್ವರ್ಟೈಸಿಂಗ್ ಐಡಿಯನ್ನೂ ಬಂದ್ ಮಾಡಿ. ಆದರೆ ಹೋಮ್ ಮತ್ತು ಪ್ರೋ ಆವೃತ್ತಿಗಳಲ್ಲಿ ಕಡ್ಡಾಯದ ಹಂತ ನಿಲ್ಲಿಸುವ ಗುಂಡಿಯೇ ಇಲ್ಲ. ಹುಡುಗ ಕಾಳಜಿ ಮಾಡಬೇಕಾದದ್ದು ಇದನ್ನು: ಯಂತ್ರ ನಿಮ್ಮದು, ಬೇಡ ಎನ್ನುವ ಹಕ್ಕು ಪೂರ್ತಿ ನಿಮ್ಮದಲ್ಲ.

ಅಂಗಡಿಯವರು ಹೇಳಿದ್ದರಲ್ಲಿ ನಿಜ ಏನೆಂದರೆ, ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಸಾಮಾನ್ಯ ಬಳಕೆದಾರರಿಗೆ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ, ಭದ್ರತಾ ಅಪ್‌ಡೇಟ್ ಕೊಡುವ ಯೋಜನೆ ಇದೆ, ಆದರೆ ನಮ್ಮಲ್ಲಿ ಅದಕ್ಕೆ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಬೇಕು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. ನಿಮ್ಮ ಹಳೆಯ ಯಂತ್ರಗಳಿಗೆ ಅದು ಕಷ್ಟ.

ಅಕೌಂಟ್ ಅಂದಾಗ ಬಳ್ಳಾರಿಯಲ್ಲಿ ನಾನು ಕಂಡದ್ದನ್ನು ಹೇಳಲೇಬೇಕು. ಜೀನ್ಸ್ ಹೊಲಿಸುವ ಪರಿಚಯದವರೊಬ್ಬರು ವಿಂಡೋಸ್ 11ರ ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟಿದ್ದರು. ಮದರ್‌ಬೋರ್ಡ್ ಬದಲಾಯಿಸಿ ಚಾಲೂ ಮಾಡಿದರೆ ನೀಲಿ ಪರದೆಯಲ್ಲಿ 48 ಅಂಕಿಯ ಬಿಟ್‌ಲಾಕರ್ ರಿಕವರಿ ಕೀ ಕೇಳಿತು. ಬಿಟ್‌ಲಾಕರ್ ಅಂದರೆ ಕೀಲಿ ಇಲ್ಲದೆ ಯಾರೂ ಓದಲಾಗದಂತೆ ಡಿಸ್ಕಿಗೆ ಹಾಕುವ ಬೀಗ. ಡಿಸ್ಕಿಗೆ ಬೀಗ ಬಿದ್ದಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಎಷ್ಟೋ ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದಾಗ ವಿಂಡೋಸ್ 11 ತಾನೇ ಬೀಗ ಹಾಕಿ, ಕೀಲಿಯನ್ನು ಆ ಅಕೌಂಟಿನಲ್ಲಿ ಇಡುತ್ತದೆ. ಆ ಅಕೌಂಟನ್ನು ಮಾರಿದ ಅಂಗಡಿಯ ಹುಡುಗ ತನ್ನ ಮೊಬೈಲ್ ನಂಬರಿನಲ್ಲಿ ಮಾಡಿಕೊಟ್ಟಿದ್ದ, ಆಮೇಲೆ ಅವನು ಕೆಲಸ ಬಿಟ್ಟು ಊರು ಬಿಟ್ಟಿದ್ದ. ಎರಡು ವರ್ಷದ ಲೆಕ್ಕ ಹೋಯಿತು. ಬೀಗ ತಪ್ಪಲ್ಲ, ಇರಬೇಕಾದದ್ದೇ. ಅದರ ಕೀಲಿಕೈ ಮಾಲೀಕರ ಹತ್ತಿರ ಇರಲಿಲ್ಲ, ಅಷ್ಟೇ.

ನನ್ನ ಸಲಹೆ ಇದು. ಅರ್ಜಿ ಹಾಕುವ ಕಂಪ್ಯೂಟರಿಗೆ ಲಿನಕ್ಸಿನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿ. 4 ಜಿಬಿ ರ‍್ಯಾಮ್ ಇದ್ದರೆ ಆರಾಮಾಗಿ ನಡೆಯುತ್ತದೆ, ದುಡ್ಡಿಲ್ಲ, ಯಾವ ಅಕೌಂಟೂ ಕೇಳುವುದಿಲ್ಲ. ಹಾಕುವಾಗಲೇ ಡಿಸ್ಕಿಗೆ ಬೀಗ ಹಾಕುವ ಆಯ್ಕೆ ಬರುತ್ತದೆ, ಪಾಸ್‌ವರ್ಡ್ ನೀವೇ ಇಡುತ್ತೀರಿ. ಅದನ್ನು ಕಾಗದದಲ್ಲಿ ಬರೆದು ಮನೆಯ ಅಲಮಾರಿಯಲ್ಲಿಡಿ, ಮರೆತರೆ ತೆಗೆಯುವವರು ಯಾರೂ ಇಲ್ಲ. ಕನ್ನಡಕ್ಕೆ ಕೀಬೋರ್ಡ್ ಪಟ್ಟಿಯಲ್ಲಿ ಕಗಪ ಎಂಬ ಕೀಲಿ ಜೋಡಣೆಯ ವಿನ್ಯಾಸ ಇದೆ, ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ತೊಂದರೆ ಇಲ್ಲ. ಹಳೆಯ ನುಡಿ ಫಾಂಟಿನ ಕಡತಗಳನ್ನು ಮಾತ್ರ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು. ಬೆರಳಚ್ಚು ಯಂತ್ರ ಬಳಸುತ್ತಿದ್ದರೆ ಮೊದಲು ಅದನ್ನು ಕೊಟ್ಟವರನ್ನು ಕೇಳಿ, ಎಲ್ಲವೂ ಲಿನಕ್ಸಿಗೆ ಒಗ್ಗುವುದಿಲ್ಲ.

ಲಿನಕ್ಸ್ ಹೆಸರಿದ್ದ ಮಾತ್ರಕ್ಕೆ ಕಣ್ಣುಮುಚ್ಚಿ ನಂಬಿ ಎನ್ನುವುದಿಲ್ಲ. 2012ರಲ್ಲಿ ಉಬುಂಟು ಎಂಬ ಇನ್ನೊಂದು ಬಗೆಯ ಲಿನಕ್ಸ್, ಜನ ತಮ್ಮ ಕಂಪ್ಯೂಟರಿನಲ್ಲಿ ಹುಡುಕಿದ ಪದಗಳನ್ನು ತನ್ನ ಸರ್ವರಿಗೆ ಕಳಿಸಿ ಅಮೆಜಾನ್‌ನ ಸಾಮಾನು ತೋರಿಸಿತ್ತು. ಬಳಸುವವರು ಸುಮ್ನೆ ಕೂರಲಿಲ್ಲ. ಅದನ್ನು ಬಂದ್ ಮಾಡುವ ಗುಂಡಿ ಬಂತು, 2016ರ ಆವೃತ್ತಿಯಲ್ಲಿ ಅದು ಮೊದಲಿಂದಲೇ ಬಂದ್ ಆಯಿತು. ಅದರ ಕೋಡ್ ಎಲ್ಲರಿಗೂ ನೋಡಲು, ತಿದ್ದಲು ತೆರೆದೇ ಇತ್ತು, ಬೇಡವಾದವರು ಆ ಭಾಗವನ್ನೇ ಕಿತ್ತುಹಾಕಬಹುದಿತ್ತು. ನನಗೆ ದೊಡ್ಡದಾಗಿ ಕಾಣುವ ವ್ಯತ್ಯಾಸ ಅದೇ.

ಟ್ಯಾಲಿ ವಿಂಡೋಸಿಗೇ ಮಾಡಿದ್ದು. ಆ ಕಂಪ್ಯೂಟರಿನಲ್ಲಿ ಅಸಲಿ ವಿಂಡೋಸ್ ಇರಲಿ, ನಿಮ್ಮದೇ ನಂಬರಿನ ಅಕೌಂಟ್ ಇರಲಿ, ಗಿರಾಕಿಗಳ ಆಧಾರ್ ಅದರಲ್ಲಿ ಬೇಡವೇ ಬೇಡ. ಇನ್ನೊಂದು, ಲಿನಕ್ಸ್ ಹಾಕಿ ಕ್ರೋಮ್‌ನಲ್ಲಿ ಅಂಗಡಿಯ ಜಿಮೇಲ್ ಲಾಗಿನ್ ಇಟ್ಟು, ಬಂದವರ ವಾಟ್ಸಾಪ್ ವೆಬ್ ಹಾಗೇ ತೆರೆದು ಬಿಟ್ಟರೆ ಏನೂ ಉಪಯೋಗ ಇಲ್ಲ. ಅಂಗಡಿ ಮುಚ್ಚುವ ಮುಂಚೆ ಡೌನ್‌ಲೋಡ್ಸ್ ಖಾಲಿ ಮಾಡಿ, ರೀಸೈಕಲ್ ಬಿನ್ ಕೂಡ.

ಇದನ್ನೆಲ್ಲ ಶಾಲೆ ಕಾಲೇಜು ಅರ್ಜಿಗಳ ಗದ್ದಲದ ದಿನಗಳಲ್ಲಿ ಮಾಡಬೇಡಿ. ಬಿಡುವಿರುವ ಭಾನುವಾರ ಬೇಕಾದ ಕಡತಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿಕೊಂಡು, ಮಿಂಟನ್ನು ಮೊದಲು ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ ನೋಡಿ, ಏನೂ ಅಳಿಸಬೇಕಾಗಿಲ್ಲ. ಪ್ರಿಂಟರ್, ಸ್ಕ್ಯಾನರ್ ಎರಡೂ ನಡೆದರೆ ಅಕ್ಕನ ಮಗನನ್ನು ಕರೆದು ಹಾಕಿಸಿ. ಪಾಸ್‌ವರ್ಡ್ ಮಾತ್ರ ನೀವೇ ಟೈಪ್ ಮಾಡಿ.