ಪ್ರಶ್ನೋತ್ತರ: ಜಪಾನಿನ ಸಾಶಿಕೊ, ಕೊಗಿನ್ ಕಸೂತಿ

ಪ್ರಶ್ನೆ: ಓಟದ ಹೊಲಿಗೆಯ ಜಪಾನಿ ಕಸೂತಿಯಾದ ಸಾಶಿಕೊದಲ್ಲಿ ‘ಅಸಾನೊಹಾ’ ಎಂಬ ನಕ್ಷತ್ರದ ವಿನ್ಯಾಸ ಹೊಲಿಯುತ್ತಿದ್ದೇನೆ. ಬಟ್ಟೆಯನ್ನು ರಿಂಗಿಗೆ ಬಿಗಿದೇ ಹೊಲಿದರೂ, ಬಿಚ್ಚಿದ ಮೇಲೆ ಮುದುಡಿಕೊಳ್ಳುತ್ತದೆ. ಏಕೆ?

ಉತ್ತರ: ಮೊದಲು ರಿಂಗು ತೆಗೆದಿಡಿ. ಸಾಶಿಕೊದಲ್ಲಿ ಸೂಜಿ ಹೆಚ್ಚು ಆಡುವುದಿಲ್ಲ. ಬಟ್ಟೆಯನ್ನೇ ನೆರಿಗೆ ನೆರಿಗೆಯಾಗಿ ಸೂಜಿಗೆ ಏರಿಸುತ್ತಾರೆ. ಬಿಗಿದ ಬಟ್ಟೆಯಲ್ಲಿ ಅದು ಸಾಧ್ಯವಿಲ್ಲ, ಹೊಲಿಗೆಯ ಅಳತೆಯೂ ಏರುಪೇರಾಗುತ್ತದೆ. ಉದ್ದನೆಯ ಸೂಜಿಗೆ ನಾಲ್ಕೈದು ಹೊಲಿಗೆ ಏರಿಸಿ ನೂಲೆಳೆಯಿರಿ. ತಕ್ಷಣ ಆ ಸಾಲನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಸವರಿ, ಬಟ್ಟೆಯನ್ನು ಸಪಾಟು ಮಾಡಿ. ಇದೇ ‘ಇತೊಕೊಕಿ’. ಸಾಲು ಮುಗಿದ ಮೇಲೆ ಒಮ್ಮೆ ಸವರಿದರೆ ಸಾಲದು, ನೂಲೆಳೆದಾಗಲೆಲ್ಲ ಮಾಡಬೇಕು.

ಇನ್ನೊಂದು ಕಾರಣ ತಿರುವುಗಳು. ಅಸಾನೊಹಾದಲ್ಲಿ ಅಂಕುಡೊಂಕು ಗೆರೆಗಳೇ ಹೆಚ್ಚು. ಪ್ರತಿ ಮೂಲೆಯಲ್ಲೂ ಹಿಂಬದಿಯ ನೂಲನ್ನು ಪೂರ್ತಿ ಎಳೆಯದೆ ಸ್ವಲ್ಪ ಸಡಿಲ ಬಿಡಿ. ಉದ್ದನೆಯ ನೇರ ಗೆರೆಗಳನ್ನು ಮೊದಲು ಮುಗಿಸಿ, ಅಂಕುಡೊಂಕನ್ನು ಆಮೇಲೆ ಹಿಡಿಯಿರಿ. ಗೆರೆಗಳು ಕೂಡುವ ನಡುಬಿಂದುವಿನಲ್ಲಿ ಹೊಲಿಗೆಗಳು ಒಂದರ ಮೇಲೊಂದು ಬೀಳಬಾರದು. ಕೂದಲೆಳೆಯಷ್ಟು ಜಾಗ ಬಿಟ್ಟರೆ ನಕ್ಷತ್ರ ಅರಳಿ ಕಾಣುತ್ತದೆ. ಮುಂಬದಿಯ ಹೊಲಿಗೆ 3 ಪಾಲು, ಹಿಂಬದಿಯದು 2 ಪಾಲು ಇರಲಿ.

ಪ್ರಶ್ನೆ: ಧಾರವಾಡ ಕಸೂತಿಯ ನೇಗಿ ಹೊಲಿಗೆ ನನಗೆ ಬರುತ್ತದೆ. ಕೊಗಿನ್ ಕಲಿಯಬಹುದೇ? ಅದರಂತೆಯೇ ಕಾಣುವ ಹಿಶಿಜಾಶಿ ಕಸೂತಿ ಬೇರೆಯೇ?

ಉತ್ತರ: ಖಂಡಿತ ಕಲಿಯಬಹುದು. ನೇಗಿಯಂತೆ ಇಲ್ಲೂ ಗೆರೆ ಬರೆಯದೆ, ಎಳೆ ಎಣಿಸಿ ಓಟದ ಹೊಲಿಗೆ ಹಾಕುವುದೇ ಕೆಲಸ. ಕೊಗಿನ್ ಉತ್ತರ ಜಪಾನಿನ ಅಮೋರಿ ಪ್ರಾಂತ್ಯದ ಪಶ್ಚಿಮ ಭಾಗವಾದ ತ್ಸುಗಾರುವಿನದು. ಎಡೊ ಕಾಲದಲ್ಲಿ (1603–1868) ಅಲ್ಲಿನ ರೈತರಿಗೆ ಹತ್ತಿಬಟ್ಟೆ ತೊಡಲು ಅನುಮತಿಯಿರಲಿಲ್ಲ. ಒರಟು ನಾರುಬಟ್ಟೆಯ ಸಂದುಗಳಲ್ಲಿ ನುಗ್ಗುವ ಚಳಿಗಾಳಿಯನ್ನು ಹೆಂಗಸರು ನೂಲು ತುಂಬಿ ತಡೆದರು. ಆ ಅಗತ್ಯದಿಂದಲೇ ಇಂಥ ಚೆಲುವಾದ ವಿನ್ಯಾಸಗಳು ಬಂದವು. ಕೊಗಿನ್‌ನಲ್ಲಿ ಹಾಸಿನ (ಉದ್ದುದ್ದದ) ಎಳೆಗಳನ್ನು 1, 3, 5, 7 ಎಂದು ಬೆಸವಾಗಿ ಎಣಿಸುತ್ತಾರೆ. ವಜ್ರಾಕೃತಿ ಉದ್ದಕ್ಕೆ ಬೆಳೆಯುತ್ತದೆ. ಪೂರ್ವದ ನಾನ್ಬು ಸೀಮೆಯ ಹಿಶಿಜಾಶಿಯಲ್ಲಿ ಎಣಿಕೆ ಸಮ, ಆಕೃತಿ ಅಗಲ.

ಎಳೆ ಎಣಿಸಲು ಬರುವ ಬಿಡಿ ನೇಯ್ಗೆಯ ಬಟ್ಟೆ, ಮೊಂಡು ತುದಿಯ ಸೂಜಿ ಸಾಕು. ನಕ್ಷೆಯ ನಡುಸಾಲಿನಿಂದ ಶುರುಮಾಡಿ ಮೇಲರ್ಧ ಮುಗಿಸಿ, ಬಳಿಕ ಕೆಳಗಿನದು. ಒಂದೆಳೆ ತಪ್ಪಿದರೂ ಮುಂದಿನ ಸಾಲುಗಳೆಲ್ಲ ವಾಲುತ್ತವೆ. ಮುಂದೆ ಹೊಂದಿಸೋಣವೆಂದು ಬಿಡಬೇಡಿ, ಅಲ್ಲಿಯವರೆಗೆ ಬಿಚ್ಚಿ. ಚೀಲದಂಥ ಬಳಕೆಯ ವಸ್ತುವಾದರೆ 7 ಎಳೆಗಿಂತ ಉದ್ದದ ಹೊಲಿಗೆ ಬೇಡ. ಬಳೆಗೆ ಸಿಕ್ಕಿ ಮೇಲೇಳುತ್ತದೆ.

ಪ್ರಶ್ನೆ: ನೀಲಿ ಬಟ್ಟೆಯ ಕಸೂತಿಯನ್ನು ಒಗೆದಾಗ ಬಿಳಿ ನೂಲಿಗೆ ನೀಲಿ ಹತ್ತಿತು. ತಡೆಯುವುದು ಹೇಗೆ?

ಉತ್ತರ: ಹೊಲಿಯುವ ಮುಂಚೆಯೇ ಬಟ್ಟೆಯನ್ನು ನೀರು ತಿಳಿಯಾಗುವವರೆಗೆ ಜಾಲಿಸಿ ಒಣಗಿಸಬೇಕು. ಕುಗ್ಗುವುದಿದ್ದರೂ ಆಗಲೇ ಕುಗ್ಗಿಬಿಡುತ್ತದೆ. ನೀರಿನಲ್ಲಿ ಅಳಿಸುವ ಪೆನ್ನಿನ ಗುರುತಿದ್ದರೆ, ತೊಳೆಯುವ ಮೊದಲು ಇಸ್ತ್ರಿ ಹಾಕಬೇಡಿ. ಶಾಖಕ್ಕೆ ಗುರುತು ಕಚ್ಚಿಕೊಳ್ಳುತ್ತದೆ.