ನೆರೆಗೂ ಉಪ್ಪುನೀರಿಗೂ ಒಂದೇ ಭತ್ತದ ತಳಿ ಆಗುತ್ತದೆಯೇ?

ಅಣ್ಣಾ, ನಿಮ್ಮದು ಕಾಸರಗೋಡಿನ ಶಿರಿಯ ಹೊಳೆ ಬದಿಯ ಬೈಲು ಗದ್ದೆ. ಏಣೆಲಿನ (ಮಳೆಗಾಲದ ಮೊದಲ ಬೆಳೆಯ) ನೇಜಿ, ಅಂದರೆ ಸಸಿ, ಆಟಿ ತಿಂಗಳ ನೆರೆಗೆ ಮುಳುಗುತ್ತದೆ, ಸುಗ್ಗಿಯಲ್ಲಿ (ಎರಡನೇ ಬೆಳೆಗೆ) ಉಪ್ಪುನೀರು ಏರುತ್ತದೆ. ‘ಒತ್ತಡ ತಡೆಯುವ ಜೀನ್ ಕುಟುಂಬ ಇದೆ, ಎರಡಕ್ಕೂ ಆಗುತ್ತದೆ’ ಎಂದು ಬೀಜದವರು ಹೇಳಿದರೆಂದು ಬರೆದಿದ್ದೀರಿ. ಅಷ್ಟು ಕೇಳಿ ಬೀಜ ತರಬೇಡಿ. ಯಾವ ಜೀನ್, ಬೆಳೆಯ ಯಾವ ಹಂತದಲ್ಲಿ ಕೆಲಸಕ್ಕೆ ಬರುತ್ತದೆ ಎಂದು ಕೇಳಿ.

ಜೀನ್ ಕುಟುಂಬ ಎಂದರೆ ರಚನೆಯಲ್ಲಿ ಒಂದನ್ನೊಂದು ಹೋಲುವ ಜೀನ್‌ಗಳ ಗುಂಪು. ಭತ್ತದಲ್ಲಿ ಇಆರ್‌ಎಫ್ ಎಂಬ ಕುಟುಂಬದಲ್ಲಿ ಸುಮಾರು 140 ಜೀನ್‌ಗಳಿವೆ. ಸಸಿ ಮುಳುಗಿದಾಗ ಒಳಗೆ ಎಥಿಲೀನ್ ಎಂಬ ಅನಿಲ ಹಾರ್ಮೋನು ತುಂಬುತ್ತದೆ, ಇವುಗಳಲ್ಲಿ ಕೆಲವು ಅದಕ್ಕೆ ಎಚ್ಚರಗೊಳ್ಳುತ್ತವೆ. ಆದರೆ ಮಾಡುವ ಕೆಲಸ ತದ್ವಿರುದ್ಧ. ಒಡಿಶಾದ ಎಫ್‌ಆರ್-13ಎ ತಳಿಯಿಂದ ಬಂದ ಸಬ್-1ಎ ಜೀನ್, ಗಿಡವನ್ನು ಉದ್ದ ಬೆಳೆಸುವ ಗಿಬ್ಬರೆಲಿನ್ ಹಾರ್ಮೋನಿನ ಪ್ರಭಾವ ತಗ್ಗಿಸಿ ಬೆಳವಣಿಗೆಯನ್ನು ತಡೆಹಿಡಿಯುತ್ತದೆ. ಪಿಷ್ಟ ಖರ್ಚಾಗದೆ ಉಳಿಯುತ್ತದೆ, ನೀರಿಳಿದ ಮೇಲೆ ಅದರ ಬಲದಲ್ಲೇ ಚಿಗುರುತ್ತದೆ. ಅದೇ ಕುಟುಂಬದ ಸ್ನಾರ್ಕೆಲ್ ಜೀನ್‌ಗಳು ದಂಟನ್ನು ದಿನಕ್ಕೆ 20 ಸೆಂ.ಮೀ.ವರೆಗೂ ಎಳೆದು ಎಲೆಯನ್ನು ನೀರಿನ ಮೇಲೆ ತರುತ್ತವೆ. ತಿಂಗಳುಗಟ್ಟಲೆ ಆಳ ನೀರು ನಿಲ್ಲುವ ಕಡೆ ಅದು ಸರಿ. ಬೇಗ ಇಳಿಯುವ ನಮ್ಮ ನೆರೆಯಲ್ಲಿ ಹಾಗೆ ಉದ್ದವಾದ ಸಸಿ ಅಡ್ಡಬಿದ್ದು ಕೊಳೆಯುತ್ತದೆ. ನಿಮಗೆ ಬೇಕಾದದ್ದು ಸಬ್-1ಎ.

ಪೂರ್ತಿ ಮುಳುಗಿದರೆ ಅದು 10ರಿಂದ 14 ದಿನ ತಾಳುತ್ತದೆ, ಕೆಸರು ನೀರಾದರೆ ಅಷ್ಟು ಇಲ್ಲ. ಅರ್ಧ ಗಿಡ ಮುಳುಗುವಷ್ಟು ನೀರು ತಿಂಗಳು ನಿಂತರೆ ಅದರಿಂದ ಪ್ರಯೋಜನವಿಲ್ಲ. ಬಿತ್ತಿದ ಬೀಜ ನೀರಡಿಯಲ್ಲಿ ಮೊಳೆಯಲು ಬೇಕಾದ ಜೀನ್ ಕುಟುಂಬವೇ ಬೇರೆ, ಹಾಗಾಗಿ ಬಿತ್ತನೆ ಬೇಡ, ನೇಜಿಯನ್ನೇ ನೆಡಿ. ಸಸಿಮಡಿಯಲ್ಲಿ ಚದರ ಮೀಟರಿಗೆ 40–50 ಗ್ರಾಂ ಬೀಜ ಸಾಕು. ಒತ್ತಾಗಿ ಹಾಕಿದರೆ ನೇಜಿ ಸಪೂರವಾಗುತ್ತದೆ, ಅದರಲ್ಲಿ ಪಿಷ್ಟವೂ ಕಡಿಮೆ. ಸುಮಾರು 30 ದಿನದ ನೇಜಿ ನೆಡಿ. ನೆರೆಗೆ ಮುಂಚೆ ಯೂರಿಯಾ ಸುರಿಯಬೇಡಿ, ಮೆತ್ತಗೆ ಬೆಳೆದ ಗಿಡ ಬೇಗ ಸಾಯುತ್ತದೆ.

ನೀರಿಳಿದ ಕೂಡಲೇ ಗದ್ದೆ ಉತ್ತು ಮತ್ತೆ ನೆಡಲು ಹೊರಡುವವರೇ ಹೆಚ್ಚು. ಎಲೆ ಹಳದಿಯಾದರೂ ಬುಡ ಗಟ್ಟಿಯಾಗಿ ಬೆಳ್ಳಗಿದ್ದರೆ ವಾರ ಕಾಯಿರಿ. ಹೊಸ ಎಲೆ ಕಂಡ ಮೇಲೆ, ಅಂದರೆ 5–7 ದಿನ ಕಳೆದು, ಯೂರಿಯಾ ಕೊಡಿ.

ಉಪ್ಪಿನ ಲೆಕ್ಕ ಬೇರೆ. ಅಲ್ಲಿ ಮುಖ್ಯವಾದದ್ದು ಎಚ್‌ಕೆಟಿ ಎಂಬ ಇನ್ನೊಂದು ಕುಟುಂಬದ ಒಂದು ಜೀನ್. ಬೇರಿನಿಂದ ಮೇಲೇರುವ ರಸದಲ್ಲಿನ ಸೋಡಿಯಂ ಅನ್ನು ಹಿಂದಕ್ಕೆ ತೆಗೆದು ಎಲೆಗೆ ಸೇರದಂತೆ ಮಾಡುತ್ತದೆ. ಇದರ ಉಪಯೋಗ ಹೆಚ್ಚಾಗಿ ನೇಜಿ ಹಂತದಲ್ಲಿ. ತೆನೆ ಬರುವಾಗ ಉಪ್ಪು ಏರಿದರೆ ಈ ಜೀನ್ ಇದ್ದರೂ ಜೊಳ್ಳಾಗುತ್ತದೆ, ಆದ್ದರಿಂದ ಹೊಳೆಯ ಕಟ್ಟ (ಅಡ್ಡಗಟ್ಟೆ) ಸಕಾಲಕ್ಕೆ ಹಾಕಲೇಬೇಕು. ಭರತದ (ಸಮುದ್ರದ ಉಬ್ಬರದ) ಹೊತ್ತಿಗೆ ತೋಡಿನ ನೀರಿಗೆ ಉಪ್ಪಿನ ಅಂಶ ಅಳೆಯುವ ಇ.ಸಿ. ಮೀಟರ್ ಅದ್ದಿ ನೋಡಿ, ಮೀಟರಿಗೆ 2 ಡೆಸಿಸೀಮನ್ಸ್ (dS/m) ದಾಟಿದ್ದರೆ ಗದ್ದೆಗೆ ಬಿಡಬೇಡಿ.

ತಳಿಯ ಮಾತು. 2009ರಲ್ಲಿ ಬಿಡುಗಡೆಯಾದ ಸ್ವರ್ಣ-ಸಬ್1ರಲ್ಲಿ ಸಬ್-1ಎ ಇದೆ, ಆದರೆ 140 ದಿನದ ಬೆಳೆ, ಅಕ್ಕಿ ಬಿಳಿ. ಉಪ್ಪಿನ ಗದ್ದೆಗೆ ಕೇರಳ ಕೃಷಿ ವಿಶ್ವವಿದ್ಯಾಲಯದ ಏಳೋಂ ತಳಿಗಳು ಕೆಂಪಕ್ಕಿಯವು, ಉತ್ತರ ಕೇರಳದ ಕರಾವಳಿಯ ಉಪ್ಪುನೀರಿನ ಕೈಪ್ಪಾಡ್ ಗದ್ದೆಗೆಂದೇ ಮಾಡಿದ್ದು. ಪಿಲಿಕೋಡಿನಲ್ಲಿರುವ ಅದೇ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಈ ಎಲ್ಲ ತಳಿಗಳು ಕುಲಾಂತರಿಯೂ ಅಲ್ಲ, ಹೈಬ್ರಿಡ್ಡೂ ಅಲ್ಲ. ಗದ್ದೆಯ ನಡುವಿನ ಭತ್ತವನ್ನು ಬೇರೆಯಾಗಿ ಕೊಯ್ದು ಒಣಗಿಸಿಟ್ಟರೆ ಮುಂದಿನ ವರ್ಷಕ್ಕೆ ಬೀಜ ಆಗುತ್ತದೆ.