ಸೇತುವೆ ಎಲ್ಲಿ ಬೇಕು ಅಂತ ಕೇಳಿದಿರಾ?

ಈ ವಾರದ ಒಂದು ಪತ್ರ ಓದಿ ಮುಗಿಸಿ, ಎದ್ದು ಮನೆಯೊಳಗೇ ನಾಲ್ಕು ಸುತ್ತು ಓಡಾಡಿದೆ. ಸಿಟ್ಟು ಇಳಿಯಲಿ ಅಂತ. ಇಳಿಯಲಿಲ್ಲ. ಹಾಗಾಗಿ ಉಳಿದವರು ಕ್ಷಮಿಸಿ, ನಿಮ್ಮ ಪತ್ರಗಳು ಮುಂದಿನ ವಾರಕ್ಕೆ.

ಬರೆದವರು ಗಂಡ. ಮದುವೆಯಾಗಿ ನಾಲ್ಕು ವರ್ಷ, ಹೊರದೇಶಕ್ಕೆ ಹೋಗಿ ಎರಡು ವರ್ಷ. ಇವರಿಗೆ ಕೆಲಸ ಇದೆ. ಹೆಂಡತಿಯ ವೀಸಾದಲ್ಲಿ ಸದ್ಯಕ್ಕೆ ಕೆಲಸ ಮಾಡುವಂತಿಲ್ಲ. ಮನೆಯಲ್ಲಿ ಒಂದು ಹಳೇ ನಿಂಟೆಂಡೊ ಸ್ವಿಚ್ ಇದೆ, ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಯಂತ್ರ, ಇಬ್ಬರೂ ಸರದಿ ಮೇಲೆ ಆಡುತ್ತಾರೆ. ಈಗ ಹೊಸದು ತರಿಸಬೇಕು. ಗೆಳೆಯನೊಬ್ಬ ಕೆಲಸದ ಮೇಲೆ ಜಪಾನಿಗೆ ಹೊರಟಿದ್ದಾನೆ. "ಅಲ್ಲಿ ಸ್ವಿಚ್ 2 ತುಂಬಾ ಅಗ್ಗ, ಸೂಟ್‌ಕೇಸಲ್ಲಿ ಹಾಕ್ಕೊಂಡು ಬರ್ತೀನಿ, ಎರಡು ಯಾಕೆ, ಇಬ್ಬರಿಗೆ ಒಂದು ಸಾಕು" ಅಂದಿದ್ದಾನೆ. ಇವರಿಗೆ ಸ್ಟೀಮ್ ಡೆಕ್ ಅನ್ನುವ ಇನ್ನೊಂದು ಕಂಪನಿಯ ಅಂಥದ್ದೇ ಯಂತ್ರದ ಮೇಲೂ ಆಸೆ. ಅದನ್ನು ಅವರಿರುವ ದೇಶದಲ್ಲಿ ಕಂಪನಿ ಮಾರುವುದಿಲ್ಲ, ಬೇರೆ ದೇಶದಿಂದ ಕೊರಿಯರ್‌ನಲ್ಲಿ ತರಿಸಬೇಕು. "ಹೊಸದು ಬಂದರೆ ಹಳೆಯದು ಹೇಗೂ ಅವಳಿಗೇ. ಆದರೂ ಅವಳಿಗೆ ಯಾಕೋ ಉತ್ಸಾಹವೇ ಇಲ್ಲ. ಯಾವುದು ತರಿಸಿದರೆ ಇಬ್ಬರಿಗೂ ಖುಷಿ?" ಇದು ಪ್ರಶ್ನೆ. ಜೊತೆಗೆ ಹನ್ನೊಂದು ಕಾಲಮ್ಮಿನ ಎಕ್ಸೆಲ್ ಹಾಳೆ.

ಆ ಹಾಳೆ ಪಕ್ಕಕ್ಕಿಡಿ ಸ್ವಾಮಿ. ನಿಮ್ಮ ಪತ್ರದಲ್ಲಿ ಬ್ಯಾಟರಿಯ ಮಾತಿಗೂ ಸ್ಕ್ರೀನಿನ ಮಾತಿಗೂ ನಡುವೆ ಒಂದು ಸಾಲು ಸಿಕ್ಕಿಕೊಂಡಿದೆ. "ಅವಳಿಗೆ ಅನಿಮಲ್ ಕ್ರಾಸಿಂಗ್ ಬಿಟ್ಟು ಬೇರೇನೂ ಬೇಡ. ಏನೋ ಒಂದು ಸೇತುವೆ ಕಟ್ಟಿಸಿಕೊಡು ಅಂತ ಮೂರು ವಾರದಿಂದ ಹೇಳುತ್ತಿದ್ದಾಳೆ, ದುಡ್ಡೂ ಅವಳೇ ಕೂಡಿಟ್ಟಿದ್ದಾಳೆ, ನನಗೆ ಟೈಮ್ ಆಗಿಲ್ಲ."

ನನಗೆ ನಿಮ್ಮ ಪತ್ರ ಪೂರ್ತಿ ಈ ಸಾಲೇ.

ಆ ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಅನಿಮಲ್ ಕ್ರಾಸಿಂಗ್: ನ್ಯೂ ಹರೈಜನ್ಸ್ ಬಂದದ್ದು 2020ರ ಮಾರ್ಚ್ 20ರಂದು. ನಿಮಗೊಂದು ದ್ವೀಪ ಸಿಗುತ್ತದೆ. ಮೀನು ಹಿಡಿಯಿರಿ, ಹಣ್ಣು ಕೀಳಿರಿ, ಮನೆ ಕಟ್ಟಿ, ಗಿಡ ನೆಡಿ. ಜಗಳ ಇಲ್ಲ, ಸೋಲು ಇಲ್ಲ. ಆದರೆ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಒಂದು ಯಂತ್ರಕ್ಕೆ ಒಂದೇ ದ್ವೀಪ. ಎಷ್ಟೇ ಅಕೌಂಟ್ ಮಾಡಿಕೊಳ್ಳಿ, ಇನ್ನೊಂದು ಕಾರ್ಟ್ರಿಜ್ ತಂದು ಹಾಕಿ, ಎರಡನೇ ದ್ವೀಪ ಬರುವುದಿಲ್ಲ. ಮೊದಲು ಆಟ ಶುರು ಮಾಡಿದವರೇ ದ್ವೀಪದ ಯಜಮಾನರು. ಆಮೇಲೆ ಬಂದವರು ಮನೆ ಕಟ್ಟಬಹುದು, ಸಂಪಾದಿಸಬಹುದು, ಸೇತುವೆಯ ಹುಂಡಿಗೆ ದುಡ್ಡೂ ಹಾಕಬಹುದು. ಆದರೆ ಸೇತುವೆ ಎಲ್ಲಿ ಬರಬೇಕು ಅಂತ ಹೇಳುವ ಹಕ್ಕು ಅವರಿಗಿಲ್ಲ. ಯಜಮಾನರೇ ಆಟದೊಳಗಿನ ದ್ವೀಪದ ಮೇಲ್ವಿಚಾರಕ ಟಾಮ್ ನೂಕ್ ಹತ್ತಿರ ಹೋಗಿ ಕೇಳಬೇಕು.

ಇಬ್ಬರೂ ಒಂದೇ ಸ್ಕ್ರೀನ್ ಮುಂದೆ ಕೂತು ಆಡಿದರೆ ಇನ್ನೂ ಚೆಂದ. ಒಬ್ಬರು ಮುಂದೆ, ಇನ್ನೊಬ್ಬರು ಹಿಂದೆ. ಹಿಂದೆ ಬರುವವರಿಗೆ ತಮ್ಮ ಜೇಬು ತೆರೆಯುವುದಕ್ಕೂ ಆಗುವುದಿಲ್ಲ.

ಅಂದರೆ ಮೂರು ವಾರದಿಂದ ಆಕೆ ದುಡ್ಡು ಇಟ್ಟುಕೊಂಡು, ಕೋಲು ಹಿಡಿದು ಹೊಳೆ ಹಾರುತ್ತಾ ಓಡಾಡುತ್ತಿದ್ದಾರೆ. ನಿಮ್ಮಿಂದ ಆಗಬೇಕಾದದ್ದು ಐದು ನಿಮಿಷದ ಕೆಲಸ. ಆ ಐದು ನಿಮಿಷ ಸಿಗಲಿಲ್ಲ, ಹನ್ನೊಂದು ಕಾಲಮ್ಮಿಗೆ ಸಿಕ್ಕಿತು.

ಆಟವನ್ನು ಆಟ ಅಂತ ಬಿಡಬಾರದಾ ಅಂತ ನೀವು ಕೇಳಬಹುದು. ಬಿಡುತ್ತಿದ್ದೆ. ಆದರೆ ಆಕೆ ಇರುವ ದೇಶದಲ್ಲಿ ವೀಸಾ ನಿಮ್ಮ ಮೇಲೆ ನಿಂತಿದೆ. ಮನೆ ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಫೋನು ಎಲ್ಲ ನಿಮ್ಮ ಹೆಸರಲ್ಲಿದೆ ಅಂತ ನೀವೇ ಬರೆದಿದ್ದೀರಿ, ಸ್ವಲ್ಪ ಜಂಬದಿಂದಲೇ. ದಿನವಿಡೀ ಪ್ರತಿಯೊಂದಕ್ಕೂ ಇನ್ನೊಬ್ಬರ ಸಹಿ ಕೇಳುವವರು ಸಂಜೆ ಒಂದು ಗಂಟೆ ಆಡೋಣ ಅಂತ ಕೂರುತ್ತಾರೆ. ಅಲ್ಲೂ ನಿಮ್ಮ ಸಹಿಯೇ ಬೇಕು. ಉತ್ಸಾಹ ಎಲ್ಲಿಂದ ಬರಬೇಕು ಹೇಳಿ.

ನಿಮ್ಮ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ನಿಜವಾಗಿ. ನೀವು ಗಮನಿಸಿಲ್ಲ ಅಷ್ಟೆ. ನನ್ನ ಸಿಟ್ಟೆಲ್ಲ ಆ ಗೆಳೆಯನ ಮೇಲೆ. "ಇಬ್ಬರಿಗೆ ಒಂದು ಸಾಕು" ಅನ್ನುವುದಕ್ಕೆ ಅವನು ಯಾರು? ಈ ಅಂಕಣದಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಇಬ್ಬರಿಗೆ ಅಂತ ತಂದ ಒಂದು ವಸ್ತು ಯಾವಾಗಲೂ ಒಬ್ಬರದ್ದೇ ಆಗಿರುತ್ತದೆ. ಕಾರು, ಲ್ಯಾಪ್‌ಟಾಪ್, ಟೀವಿಯ ರಿಮೋಟು, ಯಾವುದಾದರೂ ತೆಗೆದು ನೋಡಿ. ಅದರ ಮೇಲೆ ಈತ ಹೇಳಿದ ಅಗ್ಗದ ಮಾತೂ ಅರ್ಧ ಮಾತ್ರ ನಿಜ.

2025ರ ಜೂನ್ 5ರಂದು ಸ್ವಿಚ್ 2 ಬಂದಾಗ ಜಪಾನಿನಲ್ಲಿ ಎರಡು ಬಗೆಯದ್ದನ್ನು ಬಿಟ್ಟರು. ಒಂದು 49,980 ಯೆನ್, ಇನ್ನೊಂದು 69,980 ಯೆನ್. ಅಂಗಡಿಯಲ್ಲಿ ಸಿಗುತ್ತಿದ್ದದ್ದು ಅಗ್ಗದ್ದು. ಅದರ ಭಾಷೆ ಜಪಾನಿ ಒಂದೇ, ಬದಲಾಯಿಸುವಂತಿಲ್ಲ. ಜಪಾನ್ ಅಂತ ನಮೂದಾಗಿರುವ ಅಕೌಂಟ್ ಮಾತ್ರ ಅದಕ್ಕೆ ಸೇರುತ್ತದೆ. ಎಲ್ಲ ಭಾಷೆಯ ಯಂತ್ರವನ್ನು ಅಲ್ಲಿ ಕಂಪನಿಯ ಆನ್‌ಲೈನ್ ಅಂಗಡಿಯಲ್ಲಷ್ಟೇ ಮಾರಿದರು. ಸರಿ, ಅಕೌಂಟನ್ನೇ ಜಪಾನಿಗೆ ಬದಲಾಯಿಸಿಕೊಳ್ಳೋಣ ಅಂದಿರಾ? ಆಮೇಲೆ ಆಟ ಕೊಳ್ಳಬೇಕಲ್ಲ. ಆಟ ಡೌನ್‌ಲೋಡ್ ಮಾಡಿಕೊಳ್ಳುವ ಅಂಗಡಿಯಾದ ಜಪಾನಿನ ಇಶಾಪ್ 2025ರ ಮಾರ್ಚ್ 25ರಿಂದ ಹೊರದೇಶದ ಕ್ರೆಡಿಟ್ ಕಾರ್ಡನ್ನು ಒಪ್ಪುತ್ತಿಲ್ಲ, ಪೇಪಾಲ್ ಕೂಡ ಇಲ್ಲ.

ಗೆಳೆಯ ಹೇಳುವ "ಸ್ವಿಚ್‌ಗೆ ರೀಜನ್ ಲಾಕ್ ಇಲ್ಲ", ಅಂದರೆ ಯಾವ ದೇಶದ್ದಾದರೂ ನಡೆಯುತ್ತದೆ, ಅನ್ನುವ ಮಾತು 2017ರದ್ದು. ಅದಕ್ಕೂ ಮುಂಚಿನ ನಿಂಟೆಂಡೊ ಯಂತ್ರ 3ಡಿಎಸ್‌ನಲ್ಲಿ ಒಂದು ಕಡೆಯ ಕಾರ್ಟ್ರಿಜ್ ಇನ್ನೊಂದು ಕಡೆಯ ಯಂತ್ರದಲ್ಲಿ ಓಡುತ್ತಿರಲಿಲ್ಲ. ಮೊದಲ ಸ್ವಿಚ್ ಬಂದಾಗ ಆ ಕಾಟ ಹೋಯಿತು, ಎಲ್ಲರೂ ನೆಮ್ಮದಿಯಾದರು. ಅವನು ಇನ್ನೂ ಆ ನೆಮ್ಮದಿಯಲ್ಲೇ ಇದ್ದಾನೆ. ಜಪಾನಿ ಓದಲು ಬರದ ನಿಮ್ಮ ಹೆಂಡತಿ ಆ ಯಂತ್ರದ ಸೆಟ್ಟಿಂಗ್ಸ್‌ನಲ್ಲಿ ಏನಾದರೂ ಮಾಡಬೇಕಾದರೆ ಮತ್ತೆ ನಿಮ್ಮನ್ನೇ ಕರೆಯಬೇಕು. ನೀವು ಮತ್ತೆ ಅವನನ್ನು ಕರೆಯಬೇಕು.

ಇನ್ನು ಸೂಟ್‌ಕೇಸ್ ವಿಷಯ. ಇದೂ ನನ್ನ ಹಳೇ ಹಠ, ಓದುಗರಿಗೆ ಗೊತ್ತು. ಬಹಳ ಹಿಂದೆ ಪರಿಚಿತರೊಬ್ಬರು ಬರುವಾಗ ನನಗೊಂದು ಕ್ಯಾಮೆರಾ ತಂದುಕೊಟ್ಟರು. ಎರಡು ತಿಂಗಳಿಗೆ ಕೆಟ್ಟಿತು. ವಾರಂಟಿ ಕೊಂಡ ದೇಶದಲ್ಲಿ ಮಾತ್ರ ಅಂದರು. ಬಿಲ್ಲು ಅವರ ಹೆಸರಲ್ಲಿ. ಅವರು ಹುಡುಕಿ ಕಳಿಸುತ್ತೇನೆ ಅಂದರು, ನಾನು ಎರಡು ಸಲ ನೆನಪಿಸಿದೆ, ಮೂರನೇ ಸಲ ಅವರು ಫೋನೇ ಎತ್ತಲಿಲ್ಲ. ಕ್ಯಾಮೆರಾನೂ ಹೋಯಿತು, ಮನುಷ್ಯರೂ ಹೋದರು. ಅವತ್ತಿನಿಂದ ನಾನು ಯಾರ ಸೂಟ್‌ಕೇಸಿಗೂ ಏನೂ ಹೇಳುವುದಿಲ್ಲ. ಕೈಯಲ್ಲಿ ಹಿಡಿದು ಆಡುವ ಯಂತ್ರದಲ್ಲಂತೂ ಕೆಡುವ ಜಾಗ ಗೊತ್ತಿದ್ದದ್ದೇ: ಆ ಚಿಕ್ಕ ಸ್ಟಿಕ್ಕು. ಮುಟ್ಟದೇ ಇದ್ದರೂ ಬೊಂಬೆ ತಾನಾಗಿ ಒಂದು ಕಡೆ ನಡೆಯತೊಡಗುತ್ತದೆ. ಆಗ ರಿಪೇರಿಗೆ ಕೊಡುವ ಜಾಗ ನಿಮ್ಮ ಊರಲ್ಲೇ ಇರಬೇಕು.

ಕೊರಿಯರ್ ಅಂದರೆ ತೆರಿಗೆ. ಹೆಚ್ಚಿನ ದೇಶಗಳಲ್ಲಿ ವಸ್ತುವಿನ ಬೆಲೆಗೆ ಸಾಗಣೆ ಖರ್ಚು, ವಿಮೆ ಎಲ್ಲ ಕೂಡಿಸಿ, ಆ ಮೊತ್ತದ ಮೇಲೆ ಸುಂಕ ಹಾಕುತ್ತಾರೆ. ಕೊರಿಯರಿನವರು ತಮ್ಮ ಕೂಲಿ ಬೇರೆ ಸೇರಿಸುತ್ತಾರೆ. ನಿಮ್ಮ ಹಾಳೆಯಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ, ನೋಡಿದೆ.

ಸ್ಟೀಮ್ ಡೆಕ್ ಒಳ್ಳೆಯ ಯಂತ್ರವೇ. ಬೇಕಾದರೆ ಮುಂದೆ ನಿಮ್ಮ ದುಡ್ಡಲ್ಲಿ ನಿಮಗೇ ಅಂತ ತರಿಸಿಕೊಳ್ಳಿ, ಇಬ್ಬರಿಗೆ ಅಂತ ಹೆಸರು ಹೇಳಬೇಡಿ. ಒಎಲ್‌ಇಡಿ ಸ್ಕ್ರೀನಿನ ಡೆಕ್ 640 ಗ್ರಾಂ ತೂಗುತ್ತದೆ. ಮತ್ತೆ ಸೇತುವೆ ಅದರಲ್ಲಿ ಇಲ್ಲ. ಆಕೆ ಆಡುವ ನ್ಯೂ ಹರೈಜನ್ಸ್ ನಿಂಟೆಂಡೊ ಯಂತ್ರ ಬಿಟ್ಟು ಬೇರೆ ಕಡೆ ಬರುವುದಿಲ್ಲ.

ಹಾಗಾದರೆ "ಹಳೆಯದು ಹೇಗೂ ಅವಳಿಗೇ" ಅಂದಿರಲ್ಲ, ಅದು? ಹಳೇ ಯಂತ್ರ ಆಕೆಯ ಕೈಗೆ ಬರುತ್ತದೆ, ದ್ವೀಪದ ಯಜಮಾನರು ಮಾತ್ರ ನೀವೇ. ಯಜಮಾನರು ಒಬ್ಬರೇ ಜಾಗ ಖಾಲಿ ಮಾಡಿ ಹೋಗುವಂತಿಲ್ಲ, ಹೋದರೆ ದ್ವೀಪವೇ ಜೊತೆಗೆ ಹೋಗಬೇಕು. ಆದರೆ ಎರಡನೆಯವರು ಹೋಗಬಹುದು. 2020ರ ನವೆಂಬರಿನಲ್ಲಿ ಅದಕ್ಕೆ ದಾರಿ ಮಾಡಿದರು: ಒಬ್ಬ ನಿವಾಸಿ ತನ್ನ ಸಾಮಾನು, ದುಡ್ಡು ಸಮೇತ ಇನ್ನೊಂದು ಯಂತ್ರಕ್ಕೆ ಮನೆ ಬದಲಾಯಿಸಬಹುದು. ದ್ವೀಪವೇ ಇಲ್ಲದ ಹೊಸ ಯಂತ್ರವಾದರೆ ಅಲ್ಲಿ ಆಕೆಯೇ ಮೊದಲಿಗರು, ಆಕೆಯೇ ಯಜಮಾನಿ. ಆದ್ದರಿಂದ ಹೊಸದು ಆಕೆಗೆ, ಹಳೆಯದು ನಿಮಗೆ. ನೀವು ತಿರುಗುಮುರುಗು ಮಾಡಿಕೊಂಡಿದ್ದಿರಿ ಅಷ್ಟೆ.

ಅದು ದೊಡ್ಡ ಯಂತ್ರವೇ ಆಗಬೇಕಿಲ್ಲ. ಸ್ವಿಚ್ ಲೈಟ್ ಸಾಕು. 2019ರದ್ದು, 5.5 ಇಂಚಿನ ಸ್ಕ್ರೀನ್, ಸುಮಾರು 275 ಗ್ರಾಂ, ಹಾಸಿಗೆಯಲ್ಲಿ ಮಲಗಿ ಆಡಿದರೂ ಕೈ ನೋಯುವುದಿಲ್ಲ. ಟೀವಿಗೆ ಜೋಡಿಸಲಾಗದು. ಅದೂ ಒಳ್ಳೆಯದೇ, ನೀವು ಟೀವಿಯಲ್ಲಿ ಮ್ಯಾಚ್ ನೋಡುವಾಗ ಆಕೆ ಕಾಯಬೇಕಿಲ್ಲ. ಅದರ ಸ್ಟಿಕ್ಕು ಬಿಚ್ಚಲು ಬರುವುದಿಲ್ಲ, ಕೆಟ್ಟರೆ ಇಡೀ ಯಂತ್ರ ರಿಪೇರಿಗೆ ಹೋಗಬೇಕು. ಅದಕ್ಕೇ ನೀವಿರುವ ಊರಲ್ಲೇ ಕೊಳ್ಳಿ ಅನ್ನುತ್ತಿದ್ದೇನೆ. ಲೈಟ್ ಸಿಗದಿದ್ದರೆ ಸ್ವಿಚ್‌ನ ಬೇರೆ ಯಾವುದಾದರೂ ಆದೀತು. ಆಟದ ಇನ್ನೊಂದು ಪ್ರತಿಯೂ ಬೇಕು, ಇಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಆಡಲಾಗದು. ಅಲ್ಲಿ ಜುಗ್ಗತನ ತೋರಿಸಬೇಡಿ. ಎರಡೂ ಯಂತ್ರ ಒಂದೇ ಮನೆಯಲ್ಲಿದ್ದರೆ ಆನ್‌ಲೈನ್ ಆಟದ ಚಂದಾ ಕಟ್ಟದೆಯೇ ಒಬ್ಬರ ದ್ವೀಪಕ್ಕೆ ಇನ್ನೊಬ್ಬರು ಹೋಗಿ ಬರಬಹುದು.

ಒಂದು ಮಾತು, ಹಳೇ ಕಾಲದ್ದು. 1989ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್‌ನ ಮಗ್ಗುಲಲ್ಲಿ ಒಂದು ಚಿಕ್ಕ ಕಿಂಡಿ ಇತ್ತು, ಇನ್ನೊಂದು ಗೇಮ್ ಬಾಯ್‌ಗೆ ಕೇಬಲ್ ಎಳೆಯಲು. 1996ರಲ್ಲಿ ಪೊಕೆಮಾನ್ ಮಾಡಿದವರು ಬೇಕಂತಲೇ ಕೆಂಪು, ಹಸಿರು ಅಂತ ಎರಡು ಬಗೆ ಮಾಡಿದರು. ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಇಲ್ಲ, ಪೂರ್ತಿ ಬೇಕಾದರೆ ಪಕ್ಕದವರ ಜೊತೆ ಬದಲಾಯಿಸಿಕೊಳ್ಳಬೇಕು. ಕೈಯಲ್ಲಿ ಹಿಡಿಯುವ ಆಟ ಮೊದಲಿಂದಲೂ ಇಬ್ಬರ ಕೈಯಲ್ಲಿ ಎರಡು ಇರಲಿ ಅಂತಲೇ ಇರುವುದು. ನಿಮ್ಮ ಗೆಳೆಯನಿಗೆ ಇದನ್ನೂ ಯಾರೂ ಹೇಳಿಲ್ಲ ಅನ್ನಿಸುತ್ತದೆ.

ಅವನಿಗೆ ಇವತ್ತೇ ಮೆಸೇಜ್ ಹಾಕಿ, ಬೇಡ ಅಂತ. ಕಾರಣ ಕೊಡಬೇಕಿಲ್ಲ. ಅಂಗಡಿಗೆ ಈ ವಾರದ ರಜೆಯಲ್ಲಿ ಇಬ್ಬರೂ ಹೋಗಿ, ಬಣ್ಣ ಆಕೆ ಆರಿಸಲಿ, ಬಿಲ್ಲು ಮತ್ತು ಅಕೌಂಟ್ ಆಕೆಯ ಹೆಸರಲ್ಲಿ. ನೀವು ಬಾಯಿ ಹಾಕಬೇಡಿ.

ಅದಕ್ಕೆ ಮೊದಲು, ಇವತ್ತು ರಾತ್ರಿ, ಹಳೇ ಯಂತ್ರ ಎತ್ತಿಕೊಂಡು ಆಕೆಯ ಪಕ್ಕ ಕೂತುಕೊಳ್ಳಿ. ಸೇತುವೆ ಎಲ್ಲಿ ಬೇಕು ಅಂತ ಕೇಳಿ. ಇನ್ನೊಂದು ವಾರಕ್ಕೆ ಆಕೆ ಬೇರೆ ದ್ವೀಪಕ್ಕೆ ಹೋಗುವವರಲ್ವಾ, ಸುಮ್ನೆ ಯಾಕೆ ಅಂತ ಲೆಕ್ಕ ಹಾಕಬೇಡಿ. ಮರದ ದಿಮ್ಮಿಯ ಸೇತುವೆಗೆ 98,000 ಬೆಲ್ಸ್, ಅಂದರೆ ಆಟದೊಳಗಿನ ದುಡ್ಡು. ದುಡ್ಡು ಆಕೆಯ ಹತ್ತಿರ ಇದೆ, ಅರ್ಧ ನೀವು ಹಾಕಿ. ದ್ವೀಪದಲ್ಲಿ ಬೆಳಿಗ್ಗೆ 5 ಗಂಟೆಗೆ ದಿನ ಬದಲಾಗುತ್ತದೆ. ಆಕೆ ಏಳುವಷ್ಟರಲ್ಲಿ ಸೇತುವೆ ತಯಾರಿರುತ್ತದೆ.